ಜೀವಾಣು ಗೊಬ್ಬರದ ತೊಟ್ಟಿಯೂ ಗಾಳಿಯ ಲೆಕ್ಕವೂ

ಅನ್ನೂರು, ಸಿರುಮುಗೈ, ಉಡುಮಲಪೇಟೆ ಕಡೆಯ ನಮ್ಮ ಒಕ್ಕಲುಮಕ್ಕಳಲ್ಲಿ ಈಚೆಗೆ ಒಂದು ಆಲೋಚನೆ ಹುಟ್ಟಿದೆ. ಅಜೋಸ್ಪಿರಿಲ್ಲಮ್, ಫಾಸ್ಫೋಬ್ಯಾಕ್ಟೀರಿಯಾ, ಸ್ಯೂಡೋಮೊನಾಸ್ ಎಂಬ ಹೆಸರಿನ ಬಾಟಲುಗಳನ್ನೂ ಪುಡಿಯ ಪೊಟ್ಟಣಗಳನ್ನೂ ವರ್ಷ ವರ್ಷವೂ ದುಡ್ಡು ಕೊಟ್ಟು ತರುತ್ತೇವೆ. ಅದರಲ್ಲಿರುವುದು ಜೀವವುಳ್ಳ ಸೂಕ್ಷ್ಮಾಣು. ಜೀವವಿದ್ದ ಮೇಲೆ ಬೆಲ್ಲದ ನೀರು ಕೊಟ್ಟರೆ ತಾನಾಗಿಯೇ ಹೆಚ್ಚುತ್ತದಲ್ಲವೆ? ಹತ್ತಾರು ಮನೆಯವರು ಕೂಡಿ ಒಂದು ತೊಟ್ಟಿ ಹಾಕಿಸಿಕೊಂಡರೆ ನಮ್ಮ ಬಾಳೆಗೆ, ತೆಂಗಿಗೆ, ಸಣ್ಣ ಈರುಳ್ಳಿಗೆ ನಾವೇ ಮಾಡಿಕೊಳ್ಳಬಹುದಲ್ಲ? ತೊಟ್ಟಿ ಮಾರುವವರೂ ಇದಕ್ಕೆ ತಾಳ ಹಾಕುತ್ತಾರೆ: ಹತ್ತು ಲೀಟರಿನ ಗಾಜಿನ ಪಾತ್ರೆಯಲ್ಲಿ ಬೆಳೆದದ್ದು ಸಾವಿರ ಲೀಟರಿನ ಉಕ್ಕಿನ ತೊಟ್ಟಿಯಲ್ಲಿ ಬೆಳೆಯದೆ ಇದ್ದೀತೆ, ಎಂದು.

ಆಲೋಚನೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಸಾಲಕ್ಕೆ ಕೈಯೊಡ್ಡುವ ಮೊದಲು ತಿಳಿದಿರಬೇಕಾದ ಒಂದು ಲೆಕ್ಕ ಉಂಟು. ಅದು ಬೆಲ್ಲದ ಲೆಕ್ಕವಲ್ಲ, ಉಕ್ಕಿನ ಲೆಕ್ಕವೂ ಅಲ್ಲ, ಗಾಳಿಯ ಲೆಕ್ಕ. ತೊಟ್ಟಿಯನ್ನು ಎಷ್ಟು ದೊಡ್ಡದಾಗಿಯಾದರೂ ಮಾಡಬಹುದು, ಅದರೊಳಗಿನ ಜೀವಾಣುವಿಗೆ ಬೇಕಾದ ಗಾಳಿ ಮಾತ್ರ ತೊಟ್ಟಿಯ ಜೊತೆಗೆ ದೊಡ್ಡದಾಗುವುದಿಲ್ಲ.

ಮೊದಲು ಎಷ್ಟು ಜೀವಾಣು ಇರಬೇಕೆಂಬ ಮಾತು. ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆಯೊಳಕ್ಕೆ ಜೀವಾಣು ಗೊಬ್ಬರಗಳನ್ನು ೨೦೦೬ರಲ್ಲಿ ತರಲಾಯಿತು. ಅದರ ಪ್ರಕಾರ ಅಜೋಸ್ಪಿರಿಲ್ಲಮ್ಮಿನಂಥವು ಪುಡಿಯ ರೂಪದಲ್ಲಿದ್ದರೆ ಒಂದು ಗ್ರಾಮಿನಲ್ಲಿ ಕಡಿಮೆಯೆಂದರೆ ೫ ಕೋಟಿ, ದ್ರವದ ರೂಪದಲ್ಲಿದ್ದರೆ ಒಂದು ಮಿಲಿಲೀಟರಿನಲ್ಲಿ ೧೦ ಕೋಟಿ ಜೀವಂತ ಕಣಗಳು ಇರತಕ್ಕದ್ದು. ಮಾಡಿದ ದಿನ ಇದ್ದರೆ ಸಾಲದು, ಚೀಟಿಯಲ್ಲಿ ಬರೆದ ಕಡೆಯ ದಿನದವರೆಗೂ ಇರಬೇಕು. ಇಟ್ಟಲ್ಲಿ ಕಣಗಳು ಸಾಯುತ್ತಾ ಹೋಗುವುದರಿಂದ ತೊಟ್ಟಿಯಿಂದ ಇಳಿಸುವಾಗ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿಯೇ ಬೆಳೆಸಿರಬೇಕಾಗುತ್ತದೆ. ರೋಗ ತಡೆಯುವ ಸ್ಯೂಡೋಮೊನಾಸ್, ಟ್ರೈಕೋಡರ್ಮಗಳು ಗೊಬ್ಬರದ ಕಾನೂನಿಗೆ ಸೇರದೆ ೧೯೬೮ರ ಕೀಟನಾಶಕ ಕಾಯಿದೆಗೆ ಸೇರುತ್ತವೆ. ಸ್ವಂತ ಹೊಲಕ್ಕೆ ಮಾಡಿಕೊಳ್ಳುವುದು ಬೇರೆ, ಚೀಟಿ ಅಂಟಿಸಿ ಮಾರುವುದು ಬೇರೆ ಎಂಬುದನ್ನು ಗುಂಪು ಕಟ್ಟುವವರು ಮರೆಯಬಾರದು.

ನಮ್ಮ ಹೆಂಗಸರಿಗೆ ಹುದುಗು ಹೊಸ ವಿಷಯವಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಅದನ್ನು ಯಾರೂ ರಾತ್ರಿಯಿಡೀ ಕಲಕುತ್ತಾ ಕೂರುವುದಿಲ್ಲ, ಗಾಳಿ ಊದುವುದಿಲ್ಲ. ಹಿಟ್ಟನ್ನು ಹುಳಿ ಮಾಡುವ ಸೂಕ್ಷ್ಮಾಣುಗಳು ಗಾಳಿಯಿಲ್ಲದೆಯೂ ಬದುಕುವ ಜಾತಿ. ಮೊಸರಿನದೂ ಅದೇ ಜಾತಿ. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಕಾರ್ಖಾನೆಗಳ ದೊಡ್ಡ ತೊಟ್ಟಿಗಳನ್ನು ಕಂಡವರು ನಮ್ಮಲ್ಲಿದ್ದಾರೆ. ಅಲ್ಲಿಯೂ ಈಸ್ಟ್ ತನ್ನಷ್ಟಕ್ಕೆ ಕುದಿಯುತ್ತಿರುತ್ತದೆ. ಆದರೆ ಅದೇ ಈಸ್ಟಿನ ಸ್ವಭಾವ ನೋಡಿ: ಗಾಳಿಯಿಲ್ಲದಾಗ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ, ತನ್ನ ಮೈ ಬೆಳೆಸುವುದು ಸ್ವಲ್ಪವೇ. ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಧಾರಾಳವಾಗಿ ಗಾಳಿ ಊದಿದರೆ ಮದ್ಯಸಾರ ಬಿಟ್ಟು ಮೈ ಬೆಳೆಸುತ್ತದೆ. ಬ್ರೆಡ್ಡಿನ ಈಸ್ಟನ್ನು ಮಾಡುವುದು ಹೀಗೆ. ಬೇಕಾದದ್ದು ಹುಳಿಯೋ ಮದ್ಯವೋ ಆದರೆ ಗಾಳಿಯ ಚಿಂತೆ ಇಲ್ಲ. ಜೀವಾಣುವಿನ ಮೈಯೇ ಬೇಕಾದಾಗ ಗಾಳಿ ತಪ್ಪದು. ನಮ್ಮ ಬಾಟಲಿನಲ್ಲಿ ಮಾರುವುದು ಮೈಯನ್ನೇ.

ಸ್ಯೂಡೋಮೊನಾಸ್ ಅಂತೂ ಗಾಳಿಗೆ ಹಸಿದ ಪ್ರಾಣಿ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಇದರ ಮೇಲೆ ಬಹಳ ಕೆಲಸ ನಡೆದಿದೆ. ಕಡಲೆಯ ಸೊರಗು ರೋಗಕ್ಕೆ ಇದನ್ನು ಬಳಪದ ಪುಡಿಯಲ್ಲಿ ಸೇರಿಸಿ ಕೊಡುವ ಕ್ರಮವನ್ನು ಅಲ್ಲಿನ ವಿದ್ಯಾಂಸಕರು ೧೯೯೫ರಲ್ಲಿ ಪ್ರಕಟಿಸಿದರು. ಈಗ ತೆಂಗಿನ ಬುಡಕೊಳೆ, ಅರಿಶಿನದ ಗಡ್ಡೆಕೊಳೆಗಳಿಗೂ ಈ ಪುಡಿಯನ್ನು ಹಾಕುವ ವಾಡಿಕೆ ಬಂದಿದೆ. ಪುಡಿ ಮಾಡುವುದು ಸುಲಭದ ಭಾಗ. ಅದಕ್ಕೆ ಮೊದಲು ದ್ರವದಲ್ಲಿ ಕಣಗಳನ್ನು ದಟ್ಟವಾಗಿ ಬೆಳೆಸುವುದೇ ಕಷ್ಟದ ಭಾಗ.

ಕಷ್ಟ ಯಾಕೆ? ನೀರು ಆಮ್ಲಜನಕದ ವಿಷಯದಲ್ಲಿ ಬಹಳ ಜಿಪುಣ. ಒಂದು ಲೀಟರು ಗಾಳಿಯಲ್ಲಿ ಸುಮಾರು ೨೭೫ ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅದೇ ಗಾಳಿಗೆ ತೆರೆದಿಟ್ಟ ಒಂದು ಲೀಟರು ನೀರು, ೩೦ ಡಿಗ್ರಿ ಶಾಖದಲ್ಲಿ, ಎಷ್ಟೇ ಹೊತ್ತು ಬಿಟ್ಟರೂ ತನ್ನಲ್ಲಿ ಕರಗಿಸಿಕೊಳ್ಳುವುದು ಸುಮಾರು ೭.೫ ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ, ಅದರಲ್ಲಿ ಬೆಲ್ಲ ಉಪ್ಪು ಕರಗಿದಷ್ಟೂ ಇದು ಇನ್ನೂ ಕಡಿಮೆ. ಸಕ್ಕರೆಯಾದರೆ ಒಂದು ಲೀಟರಿನಲ್ಲಿ ನೂರಾರು ಗ್ರಾಂ ಕರಗೀತು. ಆದುದರಿಂದ ಊಟವನ್ನು ಒಂದೇ ಸಲ ಬಡಿಸಿ ಇಡಬಹುದು, ಉಸಿರನ್ನು ಹಾಗೆ ಇಡುವಂತಿಲ್ಲ.

ಚೆನ್ನಾಗಿ ಬೆಳೆದ ಜೀವಾಣು ದ್ರವ ಒಂದು ಲೀಟರಿಗೆ ಗಂಟೆಯೊಂದಕ್ಕೆ ಅರ್ಧ ಗ್ರಾಂ, ಎಂದರೆ ೫೦೦ ಮಿಲಿಗ್ರಾಂ, ಆಮ್ಲಜನಕವನ್ನು ಸಲೀಸಾಗಿ ಉಸಿರಾಡುತ್ತದೆ. ಇದಕ್ಕಿಂತ ಹೆಚ್ಚು ಬೇಡುವುದೂ ಉಂಟು. ಈಗ ವಾಚಕರೇ ಭಾಗಿಸಿ ನೋಡಬಹುದು. ನೀರಿನಲ್ಲಿರುವ ೭.೫ ಮಿಲಿಗ್ರಾಂ ೫೪ ಸೆಕೆಂಡಿಗೆ ಮುಗಿದುಹೋಯಿತು! ಗಾಳಿ ನಿಂತ ಒಂದು ನಿಮಿಷದೊಳಗೆ ಇಡೀ ತೊಟ್ಟಿ ಉಸಿರು ಕಟ್ಟಿ ನಿಲ್ಲುತ್ತದೆ. ಕರೆಂಟು ಹೋಗುವ ಊರಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದೆರಡು ನಿಮಿಷಕ್ಕೆ ಕಣಗಳು ಸಾಯುವುದಿಲ್ಲ, ಬೆಳೆಯುವುದು ನಿಲ್ಲಿಸುತ್ತವೆ. ಆದರೆ ಗಂಟೆಗಟ್ಟಲೆ ನಿಂತರೆ ಗಾಳಿ ಬೇಡದ ಬೇರೆ ಜಾತಿಯವು ಒಳಗೆ ಸೇರಿಕೊಂಡಿದ್ದಲ್ಲಿ ಅವೇ ಯಜಮಾನರಾಗುತ್ತವೆ. ಮೇಲಾಗಿ ಊದುವ ಗಾಳಿ ನಿಂತೊಡನೆ ತೊಟ್ಟಿಯೊಳಗಿನ ಒತ್ತಡ ಇಳಿದು ಹೊರಗಿನ ಗಾಳಿ ಸಂದುಗಳಿಂದ ಒಳಗೆ ನುಗ್ಗಲು ದಾರಿಯಾಗುತ್ತದೆ. ಜನರೇಟರು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಪ್ರಯೋಗಶಾಲೆಯ ಗಾಜಿನ ಬುರುಡೆಯಲ್ಲಿ ಈ ತೊಂದರೆ ಕಾಣುವುದಿಲ್ಲ. ೨೫೦ ಮಿಲಿಲೀಟರಿನ ಬುರುಡೆಗೆ ೫೦ ಮಿಲಿಲೀಟರು ಮಾತ್ರ ಹಾಕಿ, ಬಾಯಿಗೆ ಹತ್ತಿ ತುರುಕಿ, ಅಲುಗಾಡುವ ಹಲಗೆಯ ಮೇಲೆ ಇಡುತ್ತಾರೆ. ದ್ರವ ಗಾಜಿನ ಒಳಮೈಗೆ ತೆಳ್ಳಗೆ ಹರಡಿ ಸುತ್ತುತ್ತಿರುತ್ತದೆ. ಅಲುಗಾಡಿಸದೆ ಇಟ್ಟರೂ ಗಾಳಿಗೆ ತೆರೆದ ಮೇಲ್ಮೈ ಸುಮಾರು ೫೦ ಚದರ ಸೆಂಟಿಮೀಟರು, ಎಂದರೆ ಲೀಟರಿಗೆ ಸಾವಿರ. ಇನ್ನು ನಮ್ಮ ೨೦೦ ಲೀಟರಿನ ನೀಲಿ ಡ್ರಮ್ಮನ್ನು ತೆಗೆದುಕೊಳ್ಳಿ. ಅದರ ಬಾಯಿ ಎರಡು ಅಡಿಗೆ ಸ್ವಲ್ಪ ಕಡಿಮೆ. ತುಂಬಿದ ಡ್ರಮ್ಮಿನಲ್ಲಿ ಲೀಟರಿಗೆ ದೊರೆಯುವ ಮೇಲ್ಮೈ ಸುಮಾರು ೧೩ ಚದರ ಸೆಂಟಿಮೀಟರು. ಸಾವಿರವೆಲ್ಲಿ, ಹದಿಮೂರೆಲ್ಲಿ! ಪಾತ್ರೆ ದೊಡ್ಡದಾದಂತೆ ಒಡಲು ಬೇಗ ಹಿಗ್ಗುತ್ತದೆ, ಬಾಯಿ ನಿಧಾನವಾಗಿ ಹಿಗ್ಗುತ್ತದೆ. ಉದ್ದ ಅಗಲ ಎತ್ತರ ಮೂರನ್ನೂ ಹತ್ತು ಪಾಲು ಮಾಡಿದರೆ ಹಿಡಿಯುವ ದ್ರವ ಸಾವಿರ ಪಾಲು, ಮೇಲ್ಮೈ ನೂರೇ ಪಾಲು.

ಮೇಲ್ಮೈ ಸಾಲದೆ ಹೋದಾಗ ಅದನ್ನು ದ್ರವದ ಒಳಗೇ ಹುಟ್ಟಿಸಬೇಕು. ಗುಳ್ಳೆ ಎಂದರೆ ಅದೇ. ಒಂದು ಲೀಟರು ಗಾಳಿಯನ್ನು ೫ ಮಿಲಿಮೀಟರು ಅಗಲದ ಗುಳ್ಳೆಗಳಾಗಿ ಒಡೆದರೆ ಅವುಗಳ ಮೈ ಒಟ್ಟು ಸುಮಾರು ೧೩ ಚದರ ಅಡಿ. ಅದೇ ಗಾಳಿಯನ್ನು ೧ ಮಿಲಿಮೀಟರಿನ ಗುಳ್ಳೆಗಳಾಗಿ ಒಡೆದರೆ ೬೫ ಚದರ ಅಡಿ. ಸಣ್ಣ ಗುಳ್ಳೆ ನಿಧಾನವಾಗಿ ಏಳುವುದರಿಂದ ನೀರಿನಲ್ಲಿ ಹೆಚ್ಚು ಹೊತ್ತು ಇರುವ ಲಾಭವೂ ಸೇರುತ್ತದೆ. ಹಾಗಾದರೆ ಸಣ್ಣ ತೂತಿನ ಕೊಳವೆ ಹಾಕಿದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. ತೂತು ಸಣ್ಣದಾದರೆ ಬೆಲ್ಲದ ಗಸಿಯೂ ಜೀವಾಣುವೂ ಕಟ್ಟಿಕೊಂಡು ಅದು ಮುಚ್ಚಿಹೋಗುತ್ತದೆ. ಒಂದು ವೇಳೆ ಸಣ್ಣ ಗುಳ್ಳೆ ಬಂದರೂ ಏಳುವ ದಾರಿಯಲ್ಲಿ ಎರಡು ಮೂರು ಕೂಡಿಕೊಂಡು ದಪ್ಪಗಾಗುತ್ತವೆ. ಅವುಗಳನ್ನು ಮತ್ತೆ ಮತ್ತೆ ಒಡೆಯುತ್ತಿರಬೇಕು. ಕಲಕುವ ಯಂತ್ರ ಇರುವುದು ಮುಖ್ಯವಾಗಿ ಈ ಕೆಲಸಕ್ಕೆ. ಸಕ್ಕರೆ ಬೆರೆಸುವುದಕ್ಕೆಂದೇ ಆಗಿದ್ದರೆ ಒಂದು ಮರದ ಹುಟ್ಟು ಸಾಕಾಗಿತ್ತು.

ಮಜ್ಜಿಗೆ ಕಡೆಯುವುದನ್ನು ನೆನೆಸಿಕೊಳ್ಳಿ. ಕಡೆಗೋಲಿಗೆ ಹಗ್ಗ ಸುತ್ತಿ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಎಳೆಯುತ್ತಾರೆ. ಒಂದೇ ದಿಕ್ಕಿಗೆ ತಿರುಗಿಸಿದರೆ ಮೊಸರು ಗಡಿಗೆಯೊಳಗೆ ಸುಮ್ಮನೆ ಗಿರಕಿ ಹೊಡೆಯುತ್ತದೆ, ಒಡೆಯುವುದಿಲ್ಲ. ಮೋಟರು ತಿರುಗುವುದು ಒಂದೇ ದಿಕ್ಕಿಗೆ. ಆದುದರಿಂದ ತೊಟ್ಟಿಯ ಒಳಗೋಡೆಗೆ ಸಾಮಾನ್ಯವಾಗಿ ನಾಲ್ಕು ಉದ್ದನೆಯ ಪಟ್ಟಿಗಳನ್ನು ನಿಲ್ಲಿಸಿರುತ್ತಾರೆ. ಒಂದೊಂದರ ಅಗಲ ತೊಟ್ಟಿಯ ಅಗಲದಲ್ಲಿ ಹತ್ತನೆಯ ಒಂದು ಪಾಲು. ಸುತ್ತಿ ಬಂದ ದ್ರವ ಈ ಪಟ್ಟಿಗೆ ಬಡಿದು ಮೇಲೆ ಕೆಳಗೆ ಒಡೆಯುತ್ತದೆ. ಹಗ್ಗದ ಎಡ-ಬಲದ ಎಳೆತ ಮಾಡುವ ಕೆಲಸವನ್ನು ಈ ಪಟ್ಟಿಗಳು ಮಾಡುತ್ತವೆ. ಕಲಕುವ ಚಕ್ರ ಹೆಚ್ಚಾಗಿ ಒಂದು ತಟ್ಟೆಯ ಅಂಚಿಗೆ ಆರು ಚಪ್ಪಟೆ ರೆಕ್ಕೆಗಳನ್ನು ನಿಲ್ಲಿಸಿದಂತೆ ಇರುತ್ತದೆ. ಅಮೆರಿಕದ ರಷ್ಟನ್ ಎಂಬ ಇಂಜಿನಿಯರು ಇಂಥ ಚಕ್ರಗಳು ನುಂಗುವ ಶಕ್ತಿಯನ್ನು ಅಳೆದು ೧೯೫೦ರಲ್ಲಿ ಪ್ರಕಟಿಸಿದ್ದರಿಂದ ಅವರ ಹೆಸರೇ ಇದಕ್ಕೆ ನಿಂತಿದೆ. ನಡುವಿನ ತಟ್ಟೆ ಯಾಕೆಂದರೆ, ಕೆಳಗಿನಿಂದ ಬಂದ ಗಾಳಿ ದಂಡದ ಗುಂಟ ನೇರವಾಗಿ ಮೇಲೆದ್ದು ತಪ್ಪಿಸಿಕೊಳ್ಳದೆ, ತಟ್ಟೆಗೆ ತಗುಲಿ ರೆಕ್ಕೆಯ ಬಾಯಿಗೆ ಬಂದು ಚೂರಾಗಲೆಂದು.

ಈ ವಿದ್ಯೆಯೆಲ್ಲ ಬೆಳೆದದ್ದು ಪೆನಿಸಿಲಿನ್ನಿನ ಕಾಲದಲ್ಲಿ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಆ ಬೂಷ್ಟನ್ನು ಬಾಟಲುಗಳಲ್ಲೂ ತಟ್ಟೆಗಳಲ್ಲೂ ತೆಳುವಾದ ದ್ರವದ ಮೇಲೆ ಕೆನೆಯಂತೆ ಬೆಳೆಸುತ್ತಿದ್ದರು. ಸಾವಿರಾರು ಬಾಟಲು ತೊಳೆದರೂ ಬರುತ್ತಿದ್ದ ಔಷಧಿ ಅತ್ಯಲ್ಪ. ಕಡೆಗೆ ೧೯೪೪ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಫೈಜರ್ ಕಂಪನಿಯವರು ೭,೫೦೦ ಗ್ಯಾಲನ್ನಿನ ೧೪ ತೊಟ್ಟಿಗಳಲ್ಲಿ, ಗಾಳಿ ಊದಿ ಕಲಕುತ್ತಾ, ಆಳದ ದ್ರವದೊಳಗೇ ಬೂಷ್ಟನ್ನು ಬೆಳೆಸತೊಡಗಿದರು. ತೊಟ್ಟಿಯೊಂದು ಎಷ್ಟು ಬೇಗ ಆಮ್ಲಜನಕವನ್ನು ನೀರಿಗೆ ಸೇರಿಸಬಲ್ಲದೆಂದು ಸೋಡಿಯಂ ಸಲ್ಫೈಟ್ ಎಂಬ ಉಪ್ಪಿನ ಸಹಾಯದಿಂದ ಅಳೆಯುವ ಕ್ರಮವೂ ಅದೇ ೧೯೪೪ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಪುಣೆಯ ಪಕ್ಕದ ಪಿಂಪ್ರಿಯಲ್ಲಿ ೧೯೫೪ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ ಈ ಬಗೆಯ ಕೆಲಸಕ್ಕೆ ಮೊದಲಿಟ್ಟಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹತ್ತು ಲೀಟರಿನಲ್ಲಿ ಆದದ್ದು ದೊಡ್ಡದರಲ್ಲಿ ಯಾಕೆ ಆಗುವುದಿಲ್ಲ? ಲೆಕ್ಕ ಸುಲಭವಾಗಲೆಂದು ೧೦ ಲೀಟರಿನಿಂದ ೧೦,೦೦೦ ಲೀಟರಿಗೆ ಏರಿಸಿ ನೋಡುತ್ತೇವೆ. ಆಗ ಅಗಲ ಎತ್ತರಗಳು ಸರಿಯಾಗಿ ಹತ್ತು ಪಾಲಾಗುತ್ತವೆ: ೨೦ ಸೆಂಟಿಮೀಟರು ಅಗಲದ ಪಾತ್ರೆ ೨ ಮೀಟರು ಅಗಲದ ತೊಟ್ಟಿಯಾಗುತ್ತದೆ, ೭ ಸೆಂಟಿಮೀಟರಿನ ಚಕ್ರ ೭೦ ಸೆಂಟಿಮೀಟರಿನದಾಗುತ್ತದೆ. ಸಣ್ಣ ಪಾತ್ರೆಯ ಚಕ್ರ ನಿಮಿಷಕ್ಕೆ ೫೦೦ ಸುತ್ತು ತಿರುಗುತ್ತಾ ಲೀಟರಿಗೆ ಒಂದು ವ್ಯಾಟ್, ಒಟ್ಟು ೧೦ ವ್ಯಾಟ್ ಶಕ್ತಿಯನ್ನು ದ್ರವಕ್ಕೆ ಕೊಡುತ್ತಿತ್ತು ಎಂದಿಟ್ಟುಕೊಳ್ಳೋಣ.

ದೊಡ್ಡ ಚಕ್ರವನ್ನೂ ೫೦೦ ಸುತ್ತಿನಲ್ಲೇ ತಿರುಗಿಸುತ್ತೇವೆ ಎಂದರೆ ಏನಾಗುತ್ತದೆ? ಚಕ್ರ ನುಂಗುವ ಶಕ್ತಿ ಅದರ ಅಗಲವನ್ನು ಐದು ಸಲ ಗುಣಿಸಿದಷ್ಟು ಏರುತ್ತದೆ. ಅಗಲ ಹತ್ತು ಪಾಲು, ಶಕ್ತಿ ಲಕ್ಷ ಪಾಲು. ೧೦ ವ್ಯಾಟ್ ಇದ್ದದ್ದು ೧,೦೦೦ ಕಿಲೋವ್ಯಾಟ್, ಎಂದರೆ ಸುಮಾರು ೧,೩೪೦ ಅಶ್ವಶಕ್ತಿ. ಪಂಪು ಮೋಟರಿಗೆ ಹೆಸರಾದ ಕೊಯಮತ್ತೂರಿನವರಿಗೆ ಇದು ತಟ್ಟನೆ ಅರ್ಥವಾಗಬೇಕು: ಬಾವಿಗೆ ಹಾಕುವ ೫ ಅಶ್ವಶಕ್ತಿಯ ೨೬೮ ಮೋಟರುಗಳನ್ನು ಒಂದೇ ದಂಡಕ್ಕೆ ಕಟ್ಟಿದ ಹಾಗೆ! ಯಾರೂ ಹಾಗೆ ಮಾಡುವುದಿಲ್ಲ.

ಇನ್ನೊಂದು ದಾರಿ, ರೆಕ್ಕೆಯ ತುದಿ ದ್ರವವನ್ನು ಸೀಳುವ ವೇಗವನ್ನು ಮೊದಲಿನಷ್ಟೇ ಇಡುವುದು. ಆಗ ಸುತ್ತು ೫೦ಕ್ಕೆ ಇಳಿಯುತ್ತದೆ, ಮೋಟರು ೧ ಕಿಲೋವ್ಯಾಟಿನದು ಸಾಕು. ಅಗ್ಗವಾಯಿತು ನಿಜ. ಆದರೆ ಲೀಟರಿಗೆ ಸಿಗುವ ಶಕ್ತಿ ಹತ್ತನೆಯ ಒಂದು ಪಾಲಿಗೆ ಬಿತ್ತು. ಅಷ್ಟು ಮೆಲ್ಲಗೆ ಕಲಕಿದರೆ, ಬೇರೆಲ್ಲ ಹಾಗೆಯೇ ಇದ್ದರೂ, ಆಮ್ಲಜನಕ ಕರಗುವ ವೇಗ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅಗ್ಗದ ತೊಟ್ಟಿಗಳು ಹೆಚ್ಚಾಗಿ ಈ ಗುಂಪಿನವು. ನೋಡುವುದಕ್ಕೆ ಚಕ್ರ ತಿರುಗುತ್ತಿರುತ್ತದೆ, ಗುಳ್ಳೆಯೂ ಏಳುತ್ತಿರುತ್ತದೆ.

ನಡುವಿನ ದಾರಿಯೆಂದರೆ ಲೀಟರಿಗೆ ಒಂದು ವ್ಯಾಟ್ ಎಂಬುದನ್ನೇ ಹಿಡಿಯುವುದು. ಆಗ ಸುತ್ತು ನಿಮಿಷಕ್ಕೆ ೧೦೮, ದ್ರವಕ್ಕೆ ಕೊಡುವ ಶಕ್ತಿ ೧೦ ಕಿಲೋವ್ಯಾಟ್, ಸುಮಾರು ಹದಿಮೂರೂವರೆ ಅಶ್ವಶಕ್ತಿ. ಕಾರ್ಖಾನೆಗಳವರು ಹೆಚ್ಚಾಗಿ ಈ ಲೆಕ್ಕದಿಂದ ತೊಡಗಿ, ಆಮ್ಲಜನಕ ಕರಗುವ ವೇಗ ಹಿಂದಿನಷ್ಟೇ ಬರುವಂತೆ ಆ ಕಡೆ ಈ ಕಡೆ ತಿದ್ದುತ್ತಾರೆ. ಆದರೂ ಎಲ್ಲವನ್ನೂ ಮೊದಲಿನಂತೆ ಇಡುವ ಉಪಾಯ ಯಾರ ಹತ್ತಿರವೂ ಇಲ್ಲ. ಒಂದನ್ನು ಹಿಡಿದರೆ ಇನ್ನೊಂದು ಕೈ ಜಾರುತ್ತದೆ. ಸಣ್ಣ ಪಾತ್ರೆಯಲ್ಲಿ ಹಾಕಿದ ಹನಿ ಕೆಲವೇ ಸೆಕೆಂಡಿಗೆ ಎಲ್ಲ ಕಡೆ ಬೆರೆಯುತ್ತದೆ. ಈ ದೊಡ್ಡದರಲ್ಲಿ ಹತ್ತಾರು ಸೆಕೆಂಡು ಬೇಕು, ಇದಕ್ಕೂ ದೊಡ್ಡದರಲ್ಲಿ ಒಂದು ನಿಮಿಷವೂ ಮೀರೀತು. ಉಸಿರು ಮುಗಿಯುವುದು ೫೪ ಸೆಕೆಂಡಿನಲ್ಲಿ ಎಂದು ಮೇಲೆ ಹೇಳಿದ್ದೇವಷ್ಟೆ. ಹೀಗಾಗಿ ಚಕ್ರದ ಹತ್ತಿರ ಇದ್ದಾಗ ಉಸಿರಾಡಿದ ಕಣ, ಮೂಲೆ ಸುತ್ತಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತದೆ.

ಕಲಕುವುದು ಕಡಿಮೆಯಾದರೆ ಗಾಳಿಯನ್ನೇ ಹೆಚ್ಚು ಊದೋಣ ಎನ್ನುವವರಿಗೆ ಒಂದು ಮಾತು. ನಮ್ಮ ಬಾವಿಯ ಪಂಪು ಗಾಳಿ ಎಳೆದುಕೊಂಡಾಗ ಮೋಟರು ಹಗುರಾಗಿ ತಿರುಗುತ್ತದೆ, ನೀರು ಬರುವುದಿಲ್ಲ. ಇಲ್ಲಿಯೂ ಹಾಗೆಯೇ. ಊದಿದ ಗಾಳಿ ಮಿತಿ ಮೀರಿದರೆ ಚಕ್ರದ ಸುತ್ತ ಗಾಳಿಯದೇ ಒಂದು ಗೂಡು ಕಟ್ಟುತ್ತದೆ. ರೆಕ್ಕೆಗಳು ಬರಿ ಗಾಳಿಯಲ್ಲಿ ತಿರುಗುತ್ತವೆ, ಗಾಳಿ ದೊಡ್ಡ ದೊಡ್ಡ ಗುಳ್ಳೆಯಾಗಿ ನಡುವಿನಿಂದ ಮೇಲೆ ಹೋಗುತ್ತದೆ. ಸಣ್ಣ ಪಾತ್ರೆಯಲ್ಲಿ ನಿಮಿಷಕ್ಕೆ ದ್ರವದಷ್ಟೇ ಗಾಳಿ ಊದುವುದು ವಾಡಿಕೆ. ದೊಡ್ಡದರಲ್ಲಿ ಅದರ ಅರ್ಧ, ಮೂರನೆಯ ಒಂದು ಪಾಲಿಗೆ ಇಳಿಸಬೇಕಾಗುವುದು ಈ ಕಾರಣದಿಂದ. ಇದಲ್ಲದೆ ನೊರೆಯ ಕಾಟ. ಹಿಂಡಿ, ಈಸ್ಟು ಹಾಕಿದ ದ್ರವ ಹಾಲಿನಂತೆ ಉಕ್ಕಿ ಹೊರಗಿನ ಸೋಸುಕವನ್ನು ತೋಯಿಸಿಬಿಡುತ್ತದೆ. ನೊರೆ ಅಡಗಿಸಲು ಎಣ್ಣೆಯನ್ನೋ ಸಿಲಿಕೋನನ್ನೋ ಹಾಕಿದರೆ ಗುಳ್ಳೆಗಳು ಕೂಡಿಕೊಂಡು ದಪ್ಪಗಾಗಿ ಆಮ್ಲಜನಕ ಕರಗುವುದು ತಗ್ಗುತ್ತದೆ. ಹನಿ ಲೆಕ್ಕದಲ್ಲಿ ಹಾಕತಕ್ಕ ವಸ್ತು ಅದು.

ಶಾಖದ ವಿಷಯವನ್ನು ತೊಟ್ಟಿ ಮಾರುವವರು ಬಾಯಿಬಿಟ್ಟು ಹೇಳುವುದೇ ಅಪರೂಪ. ಉಸಿರಾಡುವ ಜೀವ ಬಿಸಿಯಾಗುತ್ತದೆ. ಒಂದು ಗ್ರಾಂ ಆಮ್ಲಜನಕ ಬಳಸಿದರೆ ಹುಟ್ಟುವ ಶಾಖ ಸುಮಾರು ೧೪ ಕಿಲೋಜೂಲ್. ನಮ್ಮ ಅರ್ಧ ಗ್ರಾಂ ಲೆಕ್ಕದಲ್ಲಿ, ತಂಪು ಮಾಡದೆ ಬಿಟ್ಟರೆ, ದ್ರವ ಗಂಟೆಗೆ ಒಂದೂ ಮುಕ್ಕಾಲು ಡಿಗ್ರಿಯಷ್ಟು ಏರುತ್ತದೆ. ೧೦,೦೦೦ ಲೀಟರಿನಲ್ಲಿ ಒಟ್ಟು ೨೦ ಕಿಲೋವ್ಯಾಟ್, ಕಲಕುವ ಮೋಟರಿನ ೧೦ ಸೇರಿ ೩೦ ಕಿಲೋವ್ಯಾಟ್ ಶಾಖವನ್ನು ಬಿಡದೆ ಹೊರಗೆ ತೆಗೆಯುತ್ತಿರಬೇಕು. ಸಣ್ಣ ಪಾತ್ರೆ ತನ್ನ ಗೋಡೆಯಿಂದಲೇ ತಣ್ಣಗಾಗುತ್ತಿತ್ತು. ದೊಡ್ಡದರಲ್ಲಿ ಲೀಟರಿಗೆ ಸಿಗುವ ಗೋಡೆ ಹತ್ತನೆಯ ಒಂದು ಪಾಲು. ಒಳಗೆ ಸುರುಳಿ ಕೊಳವೆಯಲ್ಲಿ ತಣ್ಣೀರು ಹರಿಸಬೇಕು. ಸ್ಯೂಡೋಮೊನಾಸಿಗೆ ಹಿತವಾದ ಶಾಖ ೨೮ರಿಂದ ೩೦ ಡಿಗ್ರಿ. ನಮ್ಮ ಸೀಮೆಯ ಬಾವಿ ನೀರು ಬೇಸಗೆಯಲ್ಲಿ ಅದರ ಹತ್ತಿರ ಹತ್ತಿರವೇ ಇರುವುದರಿಂದ ಆ ನೀರಿನಿಂದ ತಂಪಾಗುವುದು ಕಷ್ಟ, ತಂಪು ಮಾಡುವ ಯಂತ್ರದ ಖರ್ಚು ಬೇರೆ ಬೀಳುತ್ತದೆ.

ಇಷ್ಟು ಕಷ್ಟಪಟ್ಟು ಇಂಥ ತೊಟ್ಟಿಗಳನ್ನು ನಡೆಸುವವರು ಯಾರೆಂದರೆ, ಅವರ ಸರಕು ತಿರುಪ್ಪೂರಿಗೇ ಬರುತ್ತಿದೆ. ಬನಿಯನ್ ಬಟ್ಟೆಯ ಮೇಲಿನ ಜುಂಗು ಎದ್ದು ಕಾಣದಂತೆ ನುಣುಪು ಮಾಡಲು ಬಣ್ಣದ ಕಾರ್ಖಾನೆಗಳಲ್ಲಿ ಸೆಲ್ಯುಲೇಸ್ ಎಂಬ ಕಿಣ್ವವನ್ನು ಹಾಕುತ್ತಾರೆ. ಅದು ಹೆಚ್ಚಾಗಿ ಟ್ರೈಕೋಡರ್ಮ ರೀಸಿ ಎಂಬ ಬೂಷ್ಟಿನಿಂದ ಬರುತ್ತದೆ. ನಾವು ತೆಂಗಿನ ಬುಡಕ್ಕೆ ಹಾಕುವ ಟ್ರೈಕೋಡರ್ಮದ ದಾಯಾದಿ ಇದು. ಎರಡನೆಯ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿಯ ಡೇರೆಗಳನ್ನು ಕೊಳೆಯಿಸಿ ತಿಂದ ಬೂಷ್ಟೇ ಇದರ ಮೂಲ. ಅಂದು ಹತ್ತಿಯನ್ನು ಹಾಳು ಮಾಡಿದ್ದು ಇಂದು ಹತ್ತಿಯನ್ನು ನುಣುಪು ಮಾಡುತ್ತಿದೆ! ಬೂಷ್ಟು ನೂಲುನೂಲಾಗಿ ಬೆಳೆಯುವುದರಿಂದ ದ್ರವ ಗಂಜಿಯಂತೆ ಗಟ್ಟಿಯಾಗುತ್ತದೆ, ಗಂಜಿಯೊಳಗೆ ಗಾಳಿ ಬೆರೆಸುವುದು ನೀರಿನೊಳಗೆ ಬೆರೆಸುವುದಕ್ಕಿಂತ ಎಷ್ಟೋ ಕಷ್ಟ. ನಮ್ಮ ಟ್ರೈಕೋಡರ್ಮವನ್ನು ಕಾಕಂಬಿ-ಈಸ್ಟಿನ ದ್ರವದಲ್ಲಿ ಬೆಳೆಸುವುದೂ ಉಂಟು. ಆದರೆ ಸಣ್ಣ ಗುಂಪಿನವರು ಬೇಯಿಸಿದ ಜೋಳದ ಕಾಳಿನ ಮೇಲೆ ಬೆಳೆಸುವುದು ಜಾಣತನ. ಕಾಳಿನ ಸಂದಿನಲ್ಲಿ ಗಾಳಿ ತಾನೇ ಓಡಾಡುತ್ತದೆ, ಹಸುರು ಬೀಜಕಣಗಳೂ ಗಾಳಿ ತಾಗಿದಲ್ಲೇ ಚೆನ್ನಾಗಿ ಮೂಡುತ್ತವೆ. ಮೋಟರೂ ಬೇಡ, ಕಂಪ್ರೆಸರೂ ಬೇಡ.

ದ್ರವದ ತೊಟ್ಟಿಯೇ ಬೇಕೆಂದು ಗುಂಪಿನವರು ನಿಶ್ಚಯಿಸಿದ್ದರೆ ಮಾರುವವರನ್ನು ಎಷ್ಟು ಲೀಟರು ಎಂದು ಮಾತ್ರ ಕೇಳಿ ಸುಮ್ಮನಾಗಬೇಡಿರಿ. ಲೀಟರಿಗೆ ಎಷ್ಟು ವ್ಯಾಟ್ ಶಕ್ತಿ ದ್ರವಕ್ಕೆ ಇಳಿಯುತ್ತದೆ, ನಿಮಿಷಕ್ಕೆ ಎಷ್ಟು ಗಾಳಿ, ಆ ಗಾಳಿಯ ಸೋಸುಕ ಎಂಥದು, ತಂಪಿನ ಸುರುಳಿ ಉಂಟೆ ಎಂದು ಕೇಳಿರಿ. ಗೋಡೆಯ ಪಟ್ಟಿಗಳನ್ನು ಕೈಯಿಟ್ಟು ನೋಡಿರಿ. ಆಮೇಲೆ ತೊಟ್ಟಿಗೆ ಬರಿ ನೀರು ತುಂಬಿಸಿ, ನೈಟ್ರೋಜನ್ ಊದಿ ಇರುವ ಆಮ್ಲಜನಕವನ್ನು ಓಡಿಸಿ, ಬಳಿಕ ಕಲಕುತ್ತಾ ಗಾಳಿ ಬಿಟ್ಟು, ಆಮ್ಲಜನಕದ ಮೀಟರು ತುಂಬು ಮಟ್ಟದ ಮೂರರಲ್ಲಿ ಎರಡು ಪಾಲಿಗೆ ಏರಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ಹಿಡಿದು ನೋಡಿರಿ. ಅರ್ಧ ನಿಮಿಷದಲ್ಲಿ ಏರಿದರೆ ಆ ತೊಟ್ಟಿ ಲೀಟರಿಗೆ ಗಂಟೆಗೆ ಅರ್ಧ ಗ್ರಾಮಿಗೂ ಮೀರಿ ಕೊಡಬಲ್ಲದು. ಐದು ನಿಮಿಷ ಹಿಡಿದರೆ ಅದರ ಹತ್ತನೆಯ ಒಂದು ಪಾಲು ಮಾತ್ರ. ಮೀಟರಿನ ಕಡ್ಡಿಯೇ ಹತ್ತಿಪ್ಪತ್ತು ಸೆಕೆಂಡು ತಡಮಾಡುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಪರೀಕ್ಷೆಗೆ ಒಪ್ಪದವರ ತೊಟ್ಟಿ ನೀರು ತುಂಬಿಡುವುದಕ್ಕೆ ಚೆನ್ನಾಗಿದ್ದೀತು. ಸಾವಿರ ಲೀಟರಿನದೊಂದರ ಬದಲು ನೂರು ಲೀಟರಿನವು ನಾಲ್ಕಾರು ಇಟ್ಟುಕೊಂಡರೆ ಗಾಳಿಯ ಕಷ್ಟ ಎಷ್ಟೋ ತಗ್ಗುತ್ತದೆ, ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ನಮಗೆ ಇದೇ ಮೇಲೆಂದು ತೋರುತ್ತದೆ.

ಕೊನೆಯದಾಗಿ ಮನೆಯ ಡ್ರಮ್ಮಿನ ಮಾತು. ಬೆಲ್ಲದ ನೀರಿಗೆ ಒಂದು ಬಾಟಲು ಸ್ಯೂಡೋಮೊನಾಸ್ ಸುರಿದು, ಮುಚ್ಚಿ, ಮೂರು ದಿನ ಇಟ್ಟು ತೋಟಕ್ಕೆ ಬಿಡುವವರುಂಟು. ಕುದಿಸದ ನೀರ���ನಲ್ಲೂ ಬೆಲ್ಲದಲ್ಲೂ ಗಾಳಿ ಬೇಡದ ಹುಳಿ ಜಾತಿಯವೂ ಈಸ್ಟುಗಳೂ ಮೊದಲೇ ಇರುತ್ತವೆ. ಮುಚ್ಚಿದ ಡ್ರಮ್ಮು ಅವುಗಳಿಗೇ ಮನೆ. ಮೀನಿನ ಗಾಜುಪೆಟ್ಟಿಗೆಗೆ ಹಾಕುವ ಪುಟ್ಟ ಗಾಳಿಪಂಪು ಇಟ್ಟರೆ ಸ್ವಲ್ಪ ಮೇಲು. ಆದರೆ ಎರಡೂವರೆ ಅಡಿ ಆಳದಲ್ಲಿ ದಪ್ಪ ಗುಳ್ಳೆಗಳಿಂದ ಕರಗುವುದು ಊದಿದ ಆಮ್ಲಜನಕದಲ್ಲಿ ನೂರಕ್ಕೆ ಕೆಲವೇ ಪಾಲು, ಉಳಿದದ್ದು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಮೂಗೇ ಇಲ್ಲಿ ಒಳ್ಳೆಯ ಮೀಟರು: ಹುಳಿ ವಾಸನೆಯೋ ಹೆಂಡದ ವಾಸನೆಯೋ ಬಂದರೆ ಅದರೊಳಗೆ ಬೆಳೆದಿರುವುದು ನೀವು ಹಾಕಿದ್ದಲ್ಲ. ಅದಕ್ಕಿಂತ ಪುಡಿಯನ್ನು ಎಕರೆಗೆ ಒಂದು ಕಿಲೋ ಲೆಕ್ಕದಲ್ಲಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ತೇವವಿರುವ ಮಣ್ಣಿಗೆ ಕೊಡುವುದು ಲೇಸು.

ಅಜೋಸ್ಪಿರಿಲ್ಲಮ್ಮಿನ ಸ್ವಭಾವ ಇನ್ನೂ ವಿಚಿತ್ರ. ಬ್ರೆಜಿಲಿನ ಯೋಹಾನಾ ಡೋಬೆರೈನರ್ ಎಂಬ ವಿದುಷಿ ಅದನ್ನು ಹುಲ್ಲಿನ ಬೇರಿನಿಂದ ಹಿಡಿದದ್ದು, ಅರೆಗಟ್ಟಿ ಲೋಳೆಯಂಥ ಆಹಾರದಲ್ಲಿ, ಮೇಲ್ಮೈಯಿಂದ ತುಸು ಕೆಳಗೆ, ಗಾಳಿ ಸ್ವಲ್ಪವೇ ತಲುಪುವ ಮಟ್ಟದಲ್ಲಿ. ಗಾಳಿಯಿಂದ ಸಾರಜನಕ ಹಿಡಿಯುವ ಕೆಲಸ ಮಾಡುವಾಗ ಅದಕ್ಕೆ ಹೆಚ್ಚು ಆಮ್ಲಜನಕ ಆಗದು. ಆದರೆ ಅಮೋನಿಯಂ ಉಪ್ಪಿನ ರೂಪದಲ್ಲಿ ಸಾರಜನಕವನ್ನು ಬಾಯಿಗೇ ಕೊಟ್ಟರೆ ಧಾರಾಳವಾದ ಗಾಳಿಯಲ್ಲಿ ಚೆನ್ನಾಗಿ ಹೆಚ್ಚುತ್ತದೆ. ಆದುದರಿಂದ ಗುಂಪಿನ ತೊಟ್ಟಿಯಲ್ಲಿ ಎರಡನ್ನೂ ಬೆಳೆಸುವವರು ಸ್ಯೂಡೋಮೊನಾಸಿನ ಆಹಾರವನ್ನೇ, ಅದರ ಗಾಳಿಯನ್ನೇ ಇದಕ್ಕೂ ಕೊಡದೆ, ಒಂದೊಂದು ಜಾತಿಗೂ ಬೇರೆ ಬೇರೆಯಾಗಿ ಮೊದಲು ಸಣ್ಣ ಪಾತ್ರೆಯಲ್ಲಿ ಬೆಳೆಸಿ, ಎಣಿಕೆಯನ್ನು ಕೊಯಮತ್ತೂರಿನ ವಿಶ್ವವಿದ್ಯಾಲಯದ ಸೂಕ್ಷ್ಮಾಣು ವಿಭಾಗದಂಥ ಕಡೆ ಮಾಡಿಸಿಕೊಂಡು, ಆಮೇಲೆ ದೊಡ್ಡದಕ್ಕೆ ಕೈ ಹಾಕುವುದು.